ಎಟಿಎಫ್ ಫಾರ್ಮ್ 6: ಪುಕ್ಕಟೆ ಪರವಾನಗಿ, ದುಬಾರಿ ತಪ್ಪುಗಳು

ಹೊರದೇಶದಿಂದ ಅಮೆರಿಕಕ್ಕೆ ಬಂದೂಕಿನ ಬಿಡಿಭಾಗ ತರಿಸಬೇಕಾದರೆ ಅರ್ಜಿ ಹೋಗುವುದು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ಗೆ. ಹೆಸರಿನಲ್ಲೇ ಮದ್ಯ, ತಂಬಾಕು, ಬಂದೂಕು, ಸ್ಫೋಟಕ ಎಲ್ಲವನ್ನೂ ಇಟ್ಟುಕೊಂಡಿರುವ ಎಟಿಎಫ್ ಬ್ಯೂರೊದ ಆಮದು ಶಾಖೆ ಇರುವುದು ಅಲ್ಲಿ. ಅದು ಕೊಡುವ ಪರವಾನಗಿಯ ಹೆಸರು ಫಾರ್ಮ್ 6. ಅರ್ಜಿಗೆ ಶುಲ್ಕವಿಲ್ಲ. ಒಮ್ಮೆ ಮಂಜೂರಾದರೆ ಎರಡು ವರ್ಷ ನಡೆಯುತ್ತದೆ. ಸರ್ಕಾರಿ ಸೇವೆಯಾಗಿ ಇದಕ್ಕೆ ನಮ್ಮ ಅಂಕ ಐದಕ್ಕೆ ಮೂರೂವರೆ. ಒಂದೂವರೆ ಕಳೆದದ್ದಕ್ಕೆ ಕಾರಣ ವಿಳಂಬವಲ್ಲ. ಬಿಡಿಭಾಗದ ಕಾನೂನು ವರ್ಗೀಕರಣ ಅರ್ಜಿದಾರನಿಗೆ ಮೊದಲೇ ಗೊತ್ತಿದೆ ಎಂದುಕೊಂಡೇ ಈ ಫಾರ್ಮ್ ಮಾಡಿದ್ದಾರೆ. ಗೊತ್ತಿಲ್ಲದವರು ಬೇಡದ ಕಡೆ ಅರ್ಜಿ ಹಾಕುತ್ತಾರೆ, ಬೇಕಾದ ಕಡೆ ಹಾಕದೆ ಮಾಲು ಕಳೆದುಕೊಳ್ಳುತ್ತಾರೆ.

ಆದ್ದರಿಂದ ಮೊದಲ ಪ್ರಶ್ನೆ, ನಿಮಗೆ ಈ ಫಾರ್ಮ್ ಬೇಕೇ ಇಲ್ಲವೇ ಎಂಬುದು. ಇಲ್ಲಿ ಎರಡು ಕಾನೂನು ಒಟ್ಟಿಗೆ ಕೆಲಸ ಮಾಡುತ್ತವೆ. 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪೂರ್ತಿ ಬಂದೂಕು, ಫ್ರೇಮ್ ಅಥವಾ ರಿಸೀವರ್ (ಗುಂಡು ಹಾರಿಸುವ ಯಂತ್ರ ಕೂರುವ ಮೂಲ ಚೌಕಟ್ಟು) ಮತ್ತು ಮದ್ದುಗುಂಡಿನ ಮೇಲೆ ಕಣ್ಣಿಟ್ಟಿದೆ. ಆರ್ಮ್ಸ್ ಎಕ್ಸ್‌ಪೋರ್ಟ್ ಕಂಟ್ರೋಲ್ ಆ್ಯಕ್ಟ್‌ನ ಅಡಿಯಲ್ಲಿ ಇನ್ನೊಂದು ಆಮದು ಪಟ್ಟಿ ಇದೆ. ಅದರ ಮೊದಲನೇ ವರ್ಗದಲ್ಲಿ .50 ಕ್ಯಾಲಿಬರ್‌ವರೆಗಿನ ರೈಫಲ್, ಪಿಸ್ತೂಲು, ರಿವಾಲ್ವರ್‌ಗಳ ಜತೆಗೆ ಅವುಗಳ ಎಲ್ಲ ಭಾಗಗಳೂ ಸೇರಿವೆ. ಎಲ್ಲ ಎಂದರೆ ಸ್ಪ್ರಿಂಗ್, ಪಿನ್, ಸ್ಕ್ರೂ ಕೂಡ. ಬಿಡಿಭಾಗ ತರಿಸುವವರು ಎಡವುವುದು ಹೆಚ್ಚಾಗಿ ಈ ಎರಡನೇ ಪಟ್ಟಿಯಲ್ಲಿ. ಫ್ರೇಮ್ ಅಲ್ಲದ ಭಾಗ ಬಂದೂಕು ಅಲ್ಲ ಎಂಬ ಮಾತು ದೇಶದ ಒಳಗಿನ ಖರೀದಿಗೆ ಸರಿ. ಗಡಿಯಲ್ಲಿ ಆ ವಾದ ನಡೆಯುವುದಿಲ್ಲ.

ಅದೇ ಪಟ್ಟಿ ಕೆಲವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. 18 ಇಂಚು ಅಥವಾ ಹೆಚ್ಚು ಉದ್ದದ ನಳಿಗೆಯ ಸಾಮಾನ್ಯ ಶಾಟ್‌ಗನ್, ಬಿಬಿ ಗನ್, ಪೆಲೆಟ್ ಗನ್, ಮೂತಿಯಿಂದ ಮದ್ದು ತುಂಬುವ ಕರಿಮದ್ದಿನ ಕೋವಿ, ಮತ್ತು ಸೇನೆಯ ಮಾನದಂಡಕ್ಕೆ ತಯಾರಾಗದ ಸ್ಕೋಪ್‌ಗಳು ಇದರಲ್ಲಿ ಬರುವುದಿಲ್ಲ. ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಕ್ರೀಡೆಯವರು ತಮ್ಮ ಉದ್ದ ನಳಿಗೆಯ ಡಬಲ್ ಬ್ಯಾರಲ್‌ಗೆ ಇಟಲಿಯಿಂದ ಚೋಕ್ ಟ್ಯೂಬ್ (ನಳಿಗೆಯ ತುದಿಗೆ ಸಿಕ್ಕಿಸುವ ಕೊಳವೆ) ತರಿಸಲು ಫಾರ್ಮ್ 6 ಹಾಕಬೇಕಿಲ್ಲ. ಹಾಗೆಯೇ 10 ಮೀಟರ್ ಏರ್ ರೈಫಲ್‌ನ ಸಿಲಿಂಡರ್ ಸೀಲಿಗೂ ಬೇಡ.

ಇನ್ನೊಂದು ವಿನಾಯಿತಿ ಎಟಿಎಫ್ ನಿಯಮ ಪುಸ್ತಕದ 447.41ನೇ ಪರಿಚ್ಛೇದದಲ್ಲಿದೆ. ಒಂದು ವ್ಯವಹಾರದಲ್ಲಿ ಸಗಟು ಬೆಲೆ 100 ಡಾಲರ್ ಮೀರದ ಚಿಕ್ಕಪುಟ್ಟ ಭಾಗಗಳಿಗೆ ಪರವಾನಗಿ ಬೇಕಿಲ್ಲ. ಆದರೆ ನಳಿಗೆ, ರಿವಾಲ್ವರ್‌ನ ಸಿಲಿಂಡರ್, ರಿಸೀವರ್ ಅಥವಾ ಫ್ರೇಮ್, ಪೂರ್ತಿ ಜೋಡಿಸಿದ ಬ್ರೀಚ್ ಯಂತ್ರ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಇವಕ್ಕೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಈ ವಿನಾಯಿತಿ ಇಲ್ಲ. ಹೀಗಾಗಿ 30 ಡಾಲರಿನ ಫೈರಿಂಗ್ ಪಿನ್ ಸಲೀಸಾಗಿ ಬರುತ್ತದೆ, ಅದೇ ಪಿನ್ ಕೂರಿಸಿದ ಪೂರ್ತಿ ಬೋಲ್ಟ್ ಪರವಾನಗಿಯಿಲ್ಲದೆ ಬರುವುದಿಲ್ಲ. ನಿಯಮ ಹೇಳುವುದು ‘ಒಂದು ವ್ಯವಹಾರ’ ಎಂದು. 280 ಡಾಲರಿನ ಒಂದೇ ಖರೀದಿಯನ್ನು ಮೂರು ಪೊಟ್ಟಣ ಮಾಡಿ ಕಳಿಸಿದರೆ ಅದು ಮೂರು ವ್ಯವಹಾರವಾಗುವುದಿಲ್ಲ. ಮಾರುವವರೇ ಈ ಉಪಾಯ ಸೂಚಿಸುವುದುಂಟು. ಜಪ್ತಿಯಾದಾಗ ನೋಟಿಸು ಬರುವುದು ಕೊಂಡವರ ಮನೆಗೆ. ಸುಂಕದ 800 ಡಾಲರ್ ವಿನಾಯಿತಿಯನ್ನೂ ಇದರೊಂದಿಗೆ ಬೆರೆಸಬಾರದು. ಅದು ಇದ್ದಷ್ಟು ಕಾಲವೂ ಸುಂಕಕ್ಕೆ ಮಾತ್ರ ಸಂಬಂಧಿಸಿತ್ತು, ಪರವಾನಗಿಗಲ್ಲ. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಮಾಲಿಗೂ ಅದು ನಿಂತಿದೆ.

ಲೈಸೆನ್ಸ್ ಇಲ್ಲದ ಸಾಮಾನ್ಯ ವ್ಯಕ್ತಿ ತಾನೇ ಅರ್ಜಿ ಹಾಕಬಹುದೇ? ಹಾಕಬಹುದು, ಒಂದು ಮಿತಿಯೊಳಗೆ. ಫ್ರೇಮ್, ರಿಸೀವರ್, ಆ್ಯಕ್ಷನ್ (ಗುಂಡು ತುಂಬಿ ಹಾರಿಸುವ ಯಂತ್ರ) ಬಿಟ್ಟು ಉಳಿದ ಭಾಗಗಳನ್ನು ಸ್ವಂತ ಬಳಕೆಗೆ, ಮಾರಾಟಕ್ಕಲ್ಲದೆ, ತರಿಸಲು ಅವಕಾಶವಿದೆ. ಆ ಮೂರರಲ್ಲಿ ಯಾವುದಾದರೂ ಬೇಕಾದರೆ ಲೈಸೆನ್ಸ್ ಹೊಂದಿದ ವ್ಯಾಪಾರಿಯ ಮೂಲಕವೇ ತರಿಸಬೇಕು. ಎಟಿಎಫ್‌ನ ಈ ನೀತಿ ನಮಗೆ ಮೆಚ್ಚುಗೆಯಾಗಿದೆ. ಹವ್ಯಾಸಿಗೆ ಬೇಕಾಗುವ ಬಹುಪಾಲು ಸಾಮಾನಿಗೆ ಮಧ್ಯವರ್ತಿಯ ಕಮಿಷನ್ ತಪ್ಪುತ್ತದೆ.

ಅರ್ಜಿಯಲ್ಲಿ ನಿಜವಾದ ಕೆಲಸ ಇರುವುದು ವಿವರಣೆಯ ಕಾಲಮ್ಮಿನಲ್ಲಿ. ತಯಾರಕರ ಹೆಸರು ಮತ್ತು ದೇಶ, ವಸ್ತುವಿನ ಬಗೆ, ಕ್ಯಾಲಿಬರ್, ಮಾದರಿ, ಎಷ್ಟು, ಒಂದಕ್ಕೆ ಬೆಲೆ ಎಷ್ಟು, ಹೊಸದೋ ಬಳಸಿದ್ದೋ, ಪಟ್ಟಿಯ ಯಾವ ವರ್ಗ ಇಷ್ಟನ್ನೂ ಕೇಳುತ್ತದೆ. ‘ರೈಫಲ್ ಪಾರ್ಟ್ಸ್, ಒಂದು ಸೆಟ್’ ಎಂದು ಬರೆದರೆ ಅರ್ಜಿ ವಾಪಸು ಬರುವುದು ಖಚಿತ ಎಂದೇ ತಿಳಿಯಿರಿ. ‘ಟ್ರಿಗರ್ ಯೂನಿಟ್, ಆನ್‌ಶುಟ್ಸ್ 1907 ಮಾದರಿಯ ಬೋಲ್ಟ್ ಆ್ಯಕ್ಷನ್ ಟಾರ್ಗೆಟ್ ರೈಫಲ್‌ಗೆ, .22 ಲಾಂಗ್ ರೈಫಲ್, ತಯಾರಿಕೆ ಜರ್ಮನಿ, ಹೊಸದು, 1’ ಎಂದು ಬರೆದರೆ ಪರಿಶೀಲಕರು ಇನ್ನೇನನ್ನೂ ಕೇಳಬೇಕಾಗಿಲ್ಲ. ಭಾಗ ಯಾವ ಬಂದೂಕಿಗೆ ಸೇರುತ್ತದೆ ಎಂಬುದನ್ನು ಬಿಡಬೇಡಿ. ಒಂದೇ ಆಕಾರದ ಭಾಗ ಬೇಟೆಯ ರೈಫಲ್‌ಗೂ ಸೇನೆಯ ರೈಫಲ್‌ಗೂ ಹೊಂದಬಹುದು, ತೀರ್ಮಾನ ಆಗುವುದು ಬಂದೂಕಿನ ಮೇಲೆ. ಮಾರಾಟಗಾರರ ವಿಳಾಸ, ರಫ್ತು ದೇಶ, ಉದ್ದೇಶ ಇವು ಇನ್‌ವಾಯ್ಸ್‌ನಲ್ಲಿ ಇದ್ದಂತೆಯೇ ಇರಲಿ. ಮಾಲು ತಯಾರಾದದ್ದು ಜರ್ಮನಿಯಲ್ಲಿ, ಹೊರಡುವುದು ಆಸ್ಟ್ರಿಯದಿಂದ ಎಂದಾದರೆ ಎರಡನ್ನೂ ಅವುಗಳ ಕಾಲಮ್ಮಿನಲ್ಲೇ ಬರೆಯಬೇಕು. ಕಾಗದದ ಅರ್ಜಿಯಾದರೆ ಮೂರು ಪ್ರತಿ ಕಳಿಸಬೇಕು. ಇ-ಫಾರ್ಮ್ಸ್ ಜಾಲತಾಣದ ಅರ್ಜಿ ಕಾಗದದ್ದಕ್ಕಿಂತ ಬೇಗ ಮುಗಿಯುತ್ತದೆ.

ಅತಿ ಹೆಚ್ಚು ನಿರಾಸೆ ಮೂಡಿಸುವ ವಸ್ತು ನಳಿಗೆ. ಕ್ರೀಡೆಗೆ ಯೋಗ್ಯವೆಂದು ಒಪ್ಪಿಗೆಯಾಗದ ಬಂದೂಕಿನ ಫ್ರೇಮ್, ರಿಸೀವರ್, ನಳಿಗೆ ಮೂರನ್ನೂ ಆಮದು ಮಾಡುವಂತಿಲ್ಲ ಎಂದು ಗನ್ ಕಂಟ್ರೋಲ್ ಆ್ಯಕ್ಟ್‌ನ 925(ಡಿ)(3) ಹೇಳುತ್ತದೆ. ಬಹುಕಾಲ ರಿಪೇರಿಯ ನೆಪದಲ್ಲಿ ಇಂಥ ನಳಿಗೆಗಳು ಬರುತ್ತಿದ್ದವು. 2005ರ ಜುಲೈನಲ್ಲಿ ಎಟಿಎಫ್ ಆಮದುದಾರರಿಗೆ ಪತ್ರ ಬರೆದು ರಿಪೇರಿಗಾಗಲಿ ಬದಲಿಗಾಗಲಿ ಇನ್ನು ಕೊಡುವುದಿಲ್ಲ ಎಂದಿತು. ಇಂದು ಮಾರುಕಟ್ಟೆಯಲ್ಲಿ ಹಳೆಯ ಸೇನಾ ರೈಫಲ್‌ಗಳ ಪಾರ್ಟ್ಸ್ ಕಿಟ್ (ಬಿಚ್ಚಿದ ಭಾಗಗಳ ಸೆಟ್) ನಳಿಗೆಯಿಲ್ಲದೆ ಸಿಗುವುದಕ್ಕೂ, ನಳಿಗೆ ಸಮೇತ ಇರುವ 2005ಕ್ಕೆ ಮೊದಲಿನ ಕಿಟ್‌ಗೆ ಏರಿದ ಬೆಲೆ ಇರುವುದಕ್ಕೂ ಇದೇ ಕಾರಣ. ಒಲಿಂಪಿಕ್ ಮಾದರಿಯ .22 ರೈಫಲ್‌ನ ನಳಿಗೆಗೆ ಈ ತೊಡಕಿಲ್ಲ, ಆದರೆ 100 ಡಾಲರಿನ ವಿನಾಯಿತಿ ಅದಕ್ಕೆ ಸಿಗದು. ಪರವಾನಗಿ ಬೇಕೇ ಬೇಕು.

ಕಿಟ್ ವಿಷಯದಲ್ಲಿ ಇನ್ನೂ ಒಂದು ಗಂಟು. ಮೆಷಿನ್ ಗನ್ ಬಿಚ್ಚಿ ಕಳಿಸುವ ಕಿಟ್ ಆದರೆ ರಿಸೀವರ್ ನಾಶವಾಗಿರಬೇಕು, ಅದೂ ಎಟಿಎಫ್ ಒಪ್ಪುವ ರೀತಿಯಲ್ಲಿ. ಗ್ಯಾಸ್ ಟಾರ್ಚಿನಿಂದ ಓರೆಯಾಗಿ, ನಿಗದಿತ ಸ್ಥಳಗಳಲ್ಲಿ, ಪ್ರತಿ ಕೊಯ್ತದಲ್ಲೂ ಕನಿಷ್ಠ ಕಾಲು ಇಂಚು ಲೋಹ ಕರಗಿಹೋಗುವಂತೆ ಕತ್ತರಿಸಿರಬೇಕು. ಗರಗಸದಿಂದ ನೀಟಾಗಿ ಎರಡು ತುಂಡು ಮಾಡಿದ ರಿಸೀವರ್ ಕಾನೂನಿನ ಕಣ್ಣಲ್ಲಿ ಇನ್ನೂ ಮೆಷಿನ್ ಗನ್. ಹೊರದೇಶದ ಗುಜರಿ ವ್ಯಾಪಾರಿಗೆ ಈ ಸೂಕ್ಷ್ಮ ತಿಳಿದಿರುವುದಿಲ್ಲ. ಹಣ ಕಳಿಸುವ ಮುಂಚೆ ಕತ್ತರಿಸಿದ ಭಾಗಗಳ ಫೋಟೊ ತರಿಸಿ ನೋಡದವರ ಮೇಲೆ ನಮಗೆ ಅನುಕಂಪ ಕಡಿಮೆ.

ಇನ್ನು, ಫಾರ್ಮ್ 6 ಮಂಜೂರಾಯಿತು ಎಂದಾಕ್ಷಣ ಆ ಭಾಗವನ್ನು ಯಾವ ಬಂದೂಕಿಗೂ ಜೋಡಿಸಬಹುದು ಎಂದಲ್ಲ. ಆಮದಿಗೆ ಅರ್ಹವಲ್ಲದ ಮಾದರಿಯ ಅರೆ-ಸ್ವಯಂಚಾಲಿತ ರೈಫಲ್ ಅಥವಾ ಶಾಟ್‌ಗನ್ ಅನ್ನು ಆಮದು ಭಾಗಗಳಿಂದ ಜೋಡಿಸುವುದನ್ನು ಅದೇ ಕಾನೂನಿನ 922(ಆರ್) ತಡೆಯುತ್ತದೆ. ನಿಯಮದಲ್ಲಿ 20 ಭಾಗಗಳ ಪಟ್ಟಿ ಇದೆ: ರಿಸೀವರ್, ನಳಿಗೆ, ಟ್ರನಿಯನ್, ಬೋಲ್ಟ್, ಗ್ಯಾಸ್ ಪಿಸ್ಟನ್, ಟ್ರಿಗರ್, ಹ್ಯಾಮರ್, ಸ್ಟಾಕ್, ಪಿಸ್ತೂಲ್ ಹಿಡಿ, ಮ್ಯಾಗಜಿನ್‌ನ ಮೈ, ಒಳಗಿನ ಫಾಲೋವರ್, ತಳದ ತಗಡು ಹೀಗೆ. ಜೋಡಿಸಿದ ಬಂದೂಕಿನಲ್ಲಿ ಇವುಗಳ ಪೈಕಿ ಆಮದಾದವು ಹತ್ತನ್ನು ಮೀರಬಾರದು. ಮ್ಯಾಗಜಿನ್ ಒಂದೇ ಮೂರು ಭಾಗವಾಗಿ ಲೆಕ್ಕಕ್ಕೆ ಬರುವುದರಿಂದ, ಅಮೆರಿಕನ್ ಮ್ಯಾಗಜಿನ್ ಹಾಕಿ ಲೆಕ್ಕ ಸರಿಮಾಡಿದವರು ಮೈದಾನದಲ್ಲಿ ವಿದೇಶಿ ಮ್ಯಾಗಜಿನ್ ಸಿಕ್ಕಿಸಿದರೆ ಲೆಕ್ಕ ಮತ್ತೆ ತಪ್ಪುತ್ತದೆ. ಫಾರ್ಮ್ 6 ಈ ಬಗ್ಗೆ ಒಂದು ಸಾಲನ್ನೂ ಎಚ್ಚರಿಸುವುದಿಲ್ಲ. ನಾವು ಕಳೆದ ಅಂಕದಲ್ಲಿ ಅರ್ಧ ಇದಕ್ಕೆ.

ಕೆಲವು ದೇಶಗಳಿಂದ ಅರ್ಜಿ ಹಾಕುವುದೇ ವ್ಯರ್ಥ. ಚೀನಾದ ಬಂದೂಕು ಮತ್ತು ಮದ್ದುಗುಂಡಿನ ಆಮದು 1994ರಿಂದ ನಿಂತಿದೆ, ಆಮದು ಪಟ್ಟಿಯ ಭಾಗಗಳೂ ಅದರಲ್ಲಿ ಸೇರುತ್ತವೆ. ಕ್ಯೂಬಾ, ಇರಾನ್, ಉತ್ತರ ಕೊರಿಯಾಗಳೂ ನಿಷೇಧದ ಸಾಲಿನಲ್ಲಿವೆ. ಅಗ್ಗದ ಚೀನೀ ಜಾಲತಾಣಗಳಲ್ಲಿ ‘ಸಾಲ್ವೆಂಟ್ ಟ್ರ್ಯಾಪ್’ ಹೆಸರಲ್ಲಿ ಸಿಗುವ ಕೊಳವೆ ಮತ್ತು ಬಟ್ಟಲುಗಳ ಸೆಟ್ ದೊಡ್ಡ ಬೋನು. ನಳಿಗೆ ತೊಳೆಯುವ ಸಾಧನ ಎಂದು ಮಾರುತ್ತಾರೆ. ಅಮೆರಿಕದ ಕಾನೂನಿನಲ್ಲಿ ಸೈಲೆನ್ಸರ್‌ಗೆಂದೇ ಉದ್ದೇಶಿಸಿದ ಒಂದು ಬಿಡಿಭಾಗವೂ ಪೂರ್ತಿ ಸೈಲೆನ್ಸರ್. 2026ರ ಜನವರಿ 1ರಿಂದ ಸೈಲೆನ್ಸರ್ ಮೇಲಿನ 200 ಡಾಲರ್ ತೆರಿಗೆ ಸೊನ್ನೆಗೆ ಇಳಿದಿರುವುದು ನಿಜ. ಹಾಗೆಂದು ನೋಂದಣಿ ಹೋಗಿಲ್ಲ, ಖಾಸಗಿ ಆಮದಿನ ಬಾಗಿಲೂ ತೆರೆದಿಲ್ಲ.

ಮಾರುವ ದೇಶದ ಅನುಮತಿ ಇನ್ನೊಂದು ಘಟ್ಟ. ಯುರೋಪಿಯನ್ ಒಕ್ಕೂಟದಲ್ಲಿ ನಳಿಗೆ, ಫ್ರೇಮ್, ರಿಸೀವರ್, ಸ್ಲೈಡ್, ಸಿಲಿಂಡರ್, ಬೋಲ್ಟ್ ಇವು ‘ಅಗತ್ಯ ಭಾಗ’ಗಳು. ಪೂರ್ತಿ ಬಂದೂಕಿಗೆ ಇರುವ ನಿರ್ಬಂಧವೇ ಇವಕ್ಕೂ. ಕೊಳ್ಳುವ ದೇಶ ಆಮದಿಗೆ ಒಪ್ಪಿದೆ ಎಂದು ನೋಡದೆ ಅಲ್ಲಿ ರಫ್ತು ಪರವಾನಗಿ ಕೊಡುವುದಿಲ್ಲ. ಆದ್ದರಿಂದ ಕ್ರಮ ಹೀಗಿರಬೇಕು: ಮಾರಾಟಗಾರರಿಂದ ಮುಂಗಡ ಇನ್‌ವಾಯ್ಸ್, ಅದರ ಆಧಾರದ ಮೇಲೆ ಫಾರ್ಮ್ 6, ಮಂಜೂರಾದ ಪ್ರತಿಯನ್ನು ಮಾರಾಟಗಾರರಿಗೆ ಕಳಿಸುವುದು, ಅವರು ತಮ್ಮ ದೇಶದ ಅನುಮತಿ ಪಡೆಯುವುದು, ಆಮೇಲೆ ಮಾಲು ಹೊರಡುವುದು. ಎರಡು ವರ್ಷದ ಅವಧಿಯ ಬೆಲೆ ಗೊತ್ತಾಗುವುದು ಆಗ.

ಮಾಲನ್ನು ಮೊದಲು ಹೊರಡಿಸಿ ಪರವಾನಗಿಗೆ ಆಮೇಲೆ ಓಡಾಡುವವರು ಕೆಡುವುದು ಬಂದರಿನಲ್ಲಿ. ಬಂದ ಸರಕಿಗೆ 15 ದಿನದೊಳಗೆ ಕಸ್ಟಮ್ಸ್ ದಾಖಲೆ ಸಲ್ಲಿಸದಿದ್ದರೆ ಅದನ್ನು ಜನರಲ್ ಆರ್ಡರ್ ಎಂಬ, ಬಿಡಿಸಿಕೊಳ್ಳದ ಸರಕಿನ ಗೋದಾಮಿಗೆ ಸಾಗಿಸುತ್ತಾರೆ. ಬಾಡಿಗೆ ಅಲ್ಲಿಂದಲೇ ಏರತೊಡಗುತ್ತದೆ, ಆರು ತಿಂಗಳಿಗೆ ಹಕ್ಕೇ ಹೋಗುತ್ತದೆ. ಪರವಾನಗಿಯಿಲ್ಲದ ಬಂದೂಕಿನ ಭಾಗ ಎಂದು ಕಂಡರೆ ಅಷ್ಟು ದಿನವೂ ಕಾಯದೆ ಜಪ್ತಿ ಮಾಡಬಹುದು. ಜಪ್ತಿ ನೋಟಿಸು ಬಂದರೆ ಮನವಿ ಸಲ್ಲಿಸಲು 30 ದಿನ ಇರುತ್ತದೆ; ಲಕೋಟೆ ಒಡೆಯದೆ ಮೇಜಿನ ಮೇಲೆ ಇಟ್ಟುಕೊಳ್ಳುವ ಕಾಗದ ಅದಲ್ಲ.

ಮಂಜೂರಾದ ಫಾರ್ಮ್ 6ರ ಜತೆ ಫಾರ್ಮ್ 6ಎ ಎಂಬ ಇನ್ನೊಂದು ಕಾಗದವೂ ಕಸ್ಟಮ್ಸ್‌ಗೆ ಹೋಗುತ್ತದೆ. ಅದರ ಮೊದಲ ಭಾಗ ಆಮದುದಾರರದು, ಎರಡನೆಯದು ಕಸ್ಟಮ್ಸ್ ಅಧಿಕಾರಿಯದು. ಮಾಲು ಕೈಗೆ ಬಂದ ಮೇಲೆ ಮೂರನೆಯದನ್ನು ತುಂಬಿ, ಬಿಡುಗಡೆಯಾದ 15 ದಿನದೊಳಗೆ ಎಟಿಎಫ್‌ಗೆ ಕಳಿಸಬೇಕು. ಭಾಗ ಸಿಕ್ಕ ಖುಷಿಯಲ್ಲಿ ಇದನ್ನು ಮರೆಯುವವರು ಬಹಳ. ಲೈಸೆನ್ಸ್‌ದಾರ ಆಮದುದಾರ ರಿಸೀವರ್ ತರಿಸಿದ್ದರೆ ಅದೇ 15 ದಿನದಲ್ಲಿ ತನ್ನ ಹೆಸರು, ಊರು, ತಯಾರಾದ ದೇಶ ಮುಂತಾದವನ್ನೂ ಕೆತ್ತಿಸಬೇಕು. ಆಳ ಕನಿಷ್ಠ 0.003 ಇಂಚು, ಕ್ರಮಸಂಖ್ಯೆಯ ಅಕ್ಷರದ ಎತ್ತರ 1/16 ಇಂಚು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ನೇರವಾಗಿ ತಟ್ಟುವ ವಿಷಯ ವೀಸಾದ್ದು. ಎಚ್-1ಬಿ, ಎಲ್-1, ಎಫ್-1 ಮುಂತಾದ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು 922(ಜಿ)(5) ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ರಿಸೀವರ್ ಬಂದೂಕೇ ಆದ್ದರಿಂದ ಅದಕ್ಕೂ ಇದು ಅನ್ವಯ. ಸ್ಪರ್ಧೆಗೋ ಬೇಟೆಗೋ ತಾತ್ಕಾಲಿಕವಾಗಿ ಬಂದೂಕು ತರುವ ವಿದೇಶಿಯರಿಗೆ ಫಾರ್ಮ್ 6ಎನ್‌ಐಎ ಎಂಬ ಪ್ರತ್ಯೇಕ ಅರ್ಜಿ ಇದೆ. ಗ್ರೀನ್ ಕಾರ್ಡ್ ಇರುವವರು ಈ ನಿಷೇಧದ ಒಳಗೆ ಬರುವುದಿಲ್ಲ.

ಅಮೆರಿಕದ ನಿವಾಸಿಗಳು ತಮ್ಮದೇ ಬಂದೂಕನ್ನು ಹೊರಗೆ ಒಯ್ದು ವಾಪಸು ತರುವುದಕ್ಕೆ ಫಾರ್ಮ್ 6 ಬೇಡ. ಹೊರಡುವ ಮೊದಲು ಕಸ್ಟಮ್ಸ್ ಕಚೇರಿಯಲ್ಲಿ ಫಾರ್ಮ್ 4457 ಮಾಡಿಸಿಕೊಂಡರೆ ಸಾಕು. ಅದರಲ್ಲಿ ದಾಖಲಾಗುವುದು ಕ್ರಮಸಂಖ್ಯೆ ಅಥವಾ ಅಳಿಸಲಾಗದ ಗುರುತು ಇರುವ ವಸ್ತು ಮಾತ್ರ. ಸಂಖ್ಯೆಯಿಲ್ಲದ ಹೆಚ್ಚುವರಿ ನಳಿಗೆ ಇದ್ದರೆ ಖರೀದಿ ರಸೀದಿ ಜತೆಗಿರಲಿ. ಡೆಟ್ರಾಯಿಟ್ ಕಡೆಯಿಂದ ಕೆನಡಾಕ್ಕೆ ಹೋಗುವವರು ಇನ್ನೊಂದು ನೋಡಿಕೊಳ್ಳಬೇಕು. 2023ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಸಿ-21 ಕಾನೂನು ನಳಿಗೆ ಮತ್ತು ಹ್ಯಾಂಡ್‌ಗನ್ ಸ್ಲೈಡ್‌ಗಳನ್ನು ‘ಬಂದೂಕಿನ ಭಾಗ’ ಎಂದು ಹೆಸರಿಸಿ ಲೈಸೆನ್ಸಿಗೆ ಒಳಪಡಿಸಿದೆ. ಸೆಂಟರ್‌ಫೈರ್ ಅರೆ-ಸ್ವಯಂಚಾಲಿತ ರೈಫಲ್‌ನ ಮ್ಯಾಗಜಿನ್ ಐದು ತೋಟಾ ಮೀರಿದರೆ ಅಲ್ಲಿ ನಿಷಿದ್ಧ ವಸ್ತು.

ಹೊರಗೆ ಕಳಿಸುವ ದಾರಿ ಎಟಿಎಫ್‌ನದಲ್ಲ. 2020ರ ಮಾರ್ಚ್ 9ರಿಂದ ಸಾಮಾನ್ಯ ಬಂದೂಕು ಮತ್ತು ಭಾಗಗಳ ರಫ್ತು ವಾಣಿಜ್ಯ ಇಲಾಖೆಯ ಕೈಗೆ ಬಂದಿದೆ, ವರ್ಗದ ಸಂಖ್ಯೆ 0ಎ501. ಕೊಡಗಿನವರು ಇದನ್ನು ಗಮನಿಸಬೇಕು. ಕೈಲ್‌ಪೊಳ್ದ್‌ಗೆ ಊರಿಗೆ ಹೊರಟಾಗ ಮನೆಯ ಕೋವಿಗೆ ಒಂದು ಟ್ರಿಗರ್ ಸೆಟ್ಟೋ ಬೋಲ್ಟೋ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗೋಣ ಎನಿಸುವುದು ಸಹಜ. ರೈಫಲ್‌ನ ನಳಿಗೆ, ಬೋಲ್ಟ್, ಟ್ರಿಗರ್, ಹ್ಯಾಮರ್, ಸಿಯರ್ ಇವನ್ನು ಭಾರತಕ್ಕೆ ಒಯ್ಯಲು ಸಾಮಾನ್ಯವಾಗಿ ಅಮೆರಿಕದ ರಫ್ತು ಪರವಾನಗಿ ಬೇಕು. ಟ್ರಿಗರ್ ಯಂತ್ರವಿಲ್ಲದ ಬರೀ ಸ್ಟಾಕ್, ಕಬ್ಬಿಣದ ಸೈಟ್, ಹೆಗಲ ಪಟ್ಟಿಯ ಕೊಂಡಿ, ಭುಜಕ್ಕೆ ಒತ್ತುವ ರಬ್ಬರ್ ಪ್ಯಾಡ್ ಇವು ಸಡಿಲ ವರ್ಗದಲ್ಲಿವೆ.

ಅಲ್ಲಿಂದ ಪಾರಾದರೂ ಭಾರತದ ಕಡೆ ಕಾನೂನು ಇನ್ನೂ ಬಿಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲೇ ‘ಶಸ್ತ್ರ’ ಎಂದರೆ ಅದರ ಭಾಗಗಳೂ ಸೇರಿವೆ. ಶಬ್ದ ಅಥವಾ ಕಿಡಿ ಕಡಿಮೆ ಮಾಡುವ ಸಾಧನ ನೇರವಾಗಿ ಬಂದೂಕಿನ ವ್ಯಾಖ್ಯೆಗೇ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2029ರವರೆಗೆ ವಿಸ್ತರಿಸಿದ ವಿನಾಯಿತಿ 3 ಮತ್ತು 4ನೇ ಸೆಕ್ಷನ್‌ಗಳದ್ದು, ಅಂದರೆ ಕೋವಿ ಹೊಂದುವ ಲೈಸೆನ್ಸಿನದ್ದು. ಆಮದು ಇರುವುದು 10ನೇ ಸೆಕ್ಷನ್‌ನಲ್ಲಿ. ಕಾನೂನುಬದ್ಧವಾಗಿ ಶಸ್ತ್ರ ಹೊಂದಬಲ್ಲವರು ಸ್ವಂತ ಬಳಕೆಗೆ ಮಿತ ಪ್ರಮಾಣದಲ್ಲಿ ತರಬಹುದು ಎಂಬ ಒಂದು ಪರಂತುಕ ಅದರಲ್ಲಿದೆ. ಆದರೆ ಅನುಮಾನ ಬಂದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಮಾಲು ತಡೆಹಿಡಿಯುವ ಅಧಿಕಾರವನ್ನು ಅದೇ ಸೆಕ್ಷನ್ ಕಸ್ಟಮ್ಸ್‌ಗೆ ಕೊಟ್ಟಿದೆ. ಕೋವಿಯ ವಿನಾಯಿತಿ ಪತ್ರ ತೋರಿಸಿದರೆ ವಿಮಾನ ನಿಲ್ದಾಣದಲ್ಲಿ ದಾರಿ ಬಿಡುತ್ತಾರೆ ಎಂದು ನಂಬಿಕೊಂಡು ಹೋಗಬೇಡಿ. ವಿದೇಶ ವ್ಯಾಪಾರ ನೀತಿಯಲ್ಲಿ ಶಸ್ತ್ರಾಸ್ತ್ರಗಳ 93ನೇ ಅಧ್ಯಾಯದ ನಿರ್ಬಂಧ ಆ ಪತ್ರದಿಂದ ಸಡಿಲವಾಗುವುದಿಲ್ಲ.

ಏರ್ ರೈಫಲ್‌ನವರೂ ಇಲ್ಲಿ ಮೈಮರೆಯುವಂತಿಲ್ಲ. ಅಮೆರಿಕದ ಕಾನೂನಿಗೆ ಪೆಲೆಟ್ ಗನ್ ಬಂದೂಕೇ ಅಲ್ಲ. ಭಾರತದ ಕಾಯ್ದೆ ‘ಸ್ಫೋಟಕ ಅಥವಾ ಇತರ ಶಕ್ತಿ’ ಎಂದು ಬರೆದಿರುವುದರಿಂದ ಗಾಳಿಯ ಒತ್ತಡದಿಂದ ಹಾರಿಸುವುದೂ ಅದರೊಳಗೆ ಬರುತ್ತದೆ. 2016ರ ನಿಯಮಗಳು .177 ಬೋರ್ ಮತ್ತು 20 ಜೌಲ್ ಮೀರದವಕ್ಕೆ ಲೈಸೆನ್ಸಿನಿಂದ ರಿಯಾಯಿತಿ ಕೊಟ್ಟಿವೆ. .22 ಏರ್ ರೈಫಲ್‌ನ ನಳಿಗೆ ಆ ರಿಯಾಯಿತಿಯ ಹೊರಗೆ. ಬಿಡಿಭಾಗ ಒಯ್ಯುವವರು ಯಾವ ಮಾದರಿಗೆ, ಯಾವ ಬೋರ್‌ಗೆ, ಎಷ್ಟು ಜೌಲ್‌ನ ರೈಫಲ್‌ಗೆ ಎಂಬುದನ್ನು ತಯಾರಕರ ಲೆಟರ್‌ಹೆಡ್ ಮೇಲೆ ಬರೆಸಿ, ಇನ್‌ವಾಯ್ಸ್ ಜತೆ ಕೈಚೀಲದಲ್ಲಿ ಇಟ್ಟುಕೊಂಡು, ಮಾಲನ್ನು ರೆಡ್ ಚಾನೆಲ್‌ನಲ್ಲಿ ಘೋಷಿಸಬೇಕು.